ಶೇಷ ತಿನ್ನುವ ರಾಕ್ಷಸ

ಮೂರನೇ ತರಗತಿಯ ಮಿಸ್ ಆ ಕಥೆಯನ್ನು ಮೊದಲ ಸಲ ಹೇಳಿದ್ದು ಬೇರೆ ದಾರಿ ತೋಚದೆ. ಭಾಗಾಕಾರ ಶುರುಮಾಡಿ ಎಂಟು ದಿನವಾಗಿತ್ತು. ಇಪ್ಪತ್ತನ್ನು ಐದರಿಂದ ಭಾಗಿಸುವುದು ಮಕ್ಕಳಿಗೆ ಹೇಗೋ ಬಂದಿತ್ತು. ಇಪ್ಪತ್ತಮೂರನ್ನು ಐದರಿಂದ ಭಾಗಿಸಿ ಅಂದರೆ ಮಾತ್ರ ಮೂವತ್ತೊಂದು ಮಕ್ಕಳೂ ಬೋರ್ಡನ್ನು ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ಆ ಮಿಕ್ಕ ಮೂರನ್ನು ಏನು ಮಾಡಬೇಕು, ಅದನ್ನು ಯಾಕೆ ಬರೆಯಬೇಕು ಅನ್ನುವುದು ಒಬ್ಬರ ತಲೆಗೂ ಹತ್ತಲಿಲ್ಲ.

ಅವಳು ಸೀಮೆಸುಣ್ಣ ಕೆಳಗಿಟ್ಟು, ಮೇಜಿಗೆ ಒರಗಿ, ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ಕಾಡಿನಂಚಿನ ಗುಡಿಸಲಲ್ಲಿ ಒಬ್ಬ ತಾಯಿ, ಅವಳಿಗೆ ಐದು ಮಕ್ಕಳು. ಬಾಗಿಲಾಚೆ ಒಬ್ಬ ರಾಕ್ಷಸ. ಅವನಿಗೊಂದು ಶಾಪವಿದೆ. ಸಮನಾಗಿ ಹಂಚಿದ್ದನ್ನು ಅವನು ಮುಟ್ಟುವ ಹಾಗಿಲ್ಲ, ಹಂಚಿ ಮಿಕ್ಕಿದ್ದಷ್ಟೇ ಅವನ ಪಾಲು. ತಾಯಿ ಸಂಜೆ ರೊಟ್ಟಿ ಎಣಿಸಿ ಹಂಚುವ ಹೊತ್ತಿಗೆ ಸರಿಯಾಗಿ ಅವನು ಹೊರಗಿನಿಂದ ಕೂಗುತ್ತಾನೆ: "ಹಂಚಿದ್ದು ನಿಮಗೆ, ಉಳಿದದ್ದು ನನಗೆ."

ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಇಪ್ಪತ್ತಮೂರು ರೊಟ್ಟಿಯಲ್ಲಿ ರಾಕ್ಷಸನಿಗೆ ಎಷ್ಟು ಸಿಕ್ಕಿತು ಅಂದಾಗ ಹತ್ತು ಕೈ ಮೇಲೆದ್ದವು. ವಾರ ಮುಗಿಯುವಷ್ಟರಲ್ಲಿ ಶೇಷ ಅನ್ನುವುದು ಆಟವಾಗಿಬಿಟ್ಟಿತ್ತು. ಬಿಡುವಿನಲ್ಲಿ ಗೋಲಿ, ಪೆನ್ಸಿಲು, ಮೆಟ್ಟಿಲು, ಸಿಕ್ಕಿದ್ದನ್ನೆಲ್ಲ ಭಾಗಿಸಿದರು. ತಮ್ಮ ಮನೆಯಲ್ಲಿ ಎರಡು ಮಂಚಕ್ಕೆ ಐದು ಜನ, ಅಪ್ಪ ಶೇಷ, ನೆಲದ ಮೇಲೆ ಮಲಗುತ್ತಾರೆ ಎಂದು ಒಬ್ಬ ವರದಿ ಒಪ್ಪಿಸಿದ. ಮಿಸ್ ಅವತ್ತು ನಕ್ಕು ನಕ್ಕು ಸುಸ್ತಾದಳು. ಹದಿನಾಲ್ಕು ವರ್ಷದ ನೌಕರಿಯಲ್ಲಿ ತರಗತಿ ಹೀಗೆ ಕೈಗೆ ಸಿಕ್ಕಿದ್ದು ಅಪರೂಪ.

ಆ ಹೊತ್ತಿಗೆ ಶಾಲೆಯ ತಲೆಯ ಮೇಲೆ ಕತ್ತಿ ತೂಗುತ್ತಿತ್ತು. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ದೊಡ್ಡ ಶಾಲೆಗೆ ಸೇರಿಸಿಬಿಡುವುದೆಂದು ಮೇಲಿನಿಂದ ಆದೇಶ ಬಂದಿತ್ತು. ತಲೆ ಎಣಿಸಲು ಬಂದ ಅಧಿಕಾರಿ, ಮಧ್ಯವಯಸ್ಸಿನ ಗಂಭೀರ ಮನುಷ್ಯ, ಕಾರಿಡಾರಿನಲ್ಲಿ ನಡೆಯುತ್ತ ಮೂರನೇ ತರಗತಿಯ ಬಾಗಿಲಿಗೆ ಬಂದು ನಿಂತ. ಒಳಗೆ ಮಿಸ್ ಆಗಷ್ಟೇ "ಬಾಗಿಲ ಹತ್ರ ಯಾರು?" ಎಂದು ಕೇಳಿದ್ದಳು. ಅವನ ನೆರಳು ನೆಲದ ಮೇಲೆ ಬಿದ್ದದ್ದೇ ತಡ, ಮೂವತ್ತೊಂದು ಮಕ್ಕಳು ಒಟ್ಟಿಗೆ ಕಿರುಚಿದರು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದವನು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಪಾಠ ಕೇಳಿದ. ಹೋಗುವಾಗ ಹೆಡ್ ಮಿಸ್ ಕೈಯಲ್ಲಿದ್ದ ಹಾಜರಿ ಪುಸ್ತಕವನ್ನು ತೆರೆದೂ ನೋಡಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. ಆ ತರಗತಿ ಇನ್ನು ಮುಂದೆ 'ಮಾದರಿ ತರಗತಿ'. ಸುತ್ತಲಿನ ಶಾಲೆಗಳ ಶಿಕ್ಷಕರು ತಂಡ ತಂಡವಾಗಿ ಬಂದು ನೋಡುತ್ತಾರೆ. ಶಾಲೆ ಸೇರಿಸುವ ಮಾತನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಹೆಡ್ ಮಿಸ್ ಆ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮೊದಲು ತಿಂಗಳಿಗೊಂದು ತಂಡ ಬರುತ್ತಿತ್ತು, ಆಮೇಲೆ ವಾರಕ್ಕೊಂದು. ಬಂದವರಿಗೆಲ್ಲ ಬೇಕಾದದ್ದು ಅದೇ ಕಥೆ. ಬೇರೆ ಪಾಠ ಮಾಡಿ ತೋರಿಸಲೇ ಎಂದು ಮಿಸ್ ಒಮ್ಮೆ ಕೇಳಿದಳು. ಇಲಾಖೆ ಶಿಕ್ಷಕರಿಗೆ ಹಂಚಿದ ಕೈಪಿಡಿಯಲ್ಲಿ ಇದೇ ಅಚ್ಚಾಗಿದೆ, ಇದನ್ನೇ ತೋರಿಸಬೇಕು ಅಂದರು. ಅವಳು ಬಾಯಿಗೆ ಬಂದ ಹಾಗೆ ಹೇಳಿದ್ದ ಕಥೆ ಆ ಕೈಪಿಡಿಯಲ್ಲಿ ಆರು ಹಂತಗಳಾಗಿತ್ತು. ಮೂರನೆಯ ಹಂತದಲ್ಲಿ, ಶಿಕ್ಷಕಿ ಇಲ್ಲಿ ಎರಡು ಸೆಕೆಂಡು ಸುಮ್ಮನಿರಬೇಕು ಎಂದು ಬರೆದಿತ್ತು. ಹೆಡ್ ಮಿಸ್ ರಟ್ಟಿನಲ್ಲಿ ಆಳೆತ್ತರದ ರಾಕ್ಷಸನನ್ನು ಮಾಡಿಸಿ ಬಾಗಿಲಿಗೆ ನಿಲ್ಲಿಸಿದರು. ಮಕ್ಕಳು ಅವನ ಪಕ್ಕದಲ್ಲಿ ಮೈ ಓರೆ ಮಾಡಿಕೊಂಡು ಹೊರಗೆ ಹೋಗಬೇಕಾಗುತ್ತಿತ್ತು. ಬೇರೆ ಶಾಲೆಗಳಿಗೆ ತೋರಿಸಲೆಂದು ಪಾಠದ ಚಿತ್ರೀಕರಣಕ್ಕೆ ಬಂದವರು ರಸ್ತೆಯ ಸದ್ದು ಬರುತ್ತದೆಂದು ಕಿಟಕಿಗಳನ್ನು ಮುಚ್ಚಿಸಿದರು.

ಕಷ್ಟವಾದದ್ದು ಮಕ್ಕಳಿಗೆ. ಇಪ್ಪತ್ತಮೂರು ರೊಟ್ಟಿಯ ಕಥೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಪ್ರತಿಸಲ ಹೊಸದಾಗಿ ಹೆದರಬೇಕು, ಹೊಸದಾಗಿ ಬೆರಳು ಮಡಿಸಬೇಕು. ಉತ್ತರ ಗೊತ್ತಿದ್ದರೂ ತಕ್ಷಣ ಕೈಯೆತ್ತಬಾರದು ಎಂದು ಅವರಿಗೆ ಹೇಳಿಕೊಟ್ಟವಳು ಅವಳೇ. ಗೊತ್ತಿಲ್ಲದ್ದನ್ನು ಕಲಿಸಲು ಸಂಬಳ ತೆಗೆದುಕೊಳ್ಳುವವಳು ಗೊತ್ತಿದ್ದದ್ದನ್ನು ಮರೆತ ಹಾಗೆ ನಟಿಸುವುದನ್ನು ಕಲಿಸುತ್ತಿದ್ದಳು. ಪುಸ್ತಕದಲ್ಲಿ ನಾಲ್ಕು ಪಾಠ ಹಿಂದೆ ಬಿದ್ದಿದ್ದವು. ಕಥೆ ಹೇಳುತ್ತಿರುವಾಗಲೇ ಸಂಜೆಗೆ ಯಾವ ತರಕಾರಿ ಒಯ್ಯಬೇಕೆಂದು ಮನಸ್ಸಿನಲ್ಲಿ ಪಟ್ಟಿ ಮಾಡುವಷ್ಟು ಅದು ಅವಳಿಗೆ ರೂಢಿಯಾಗಿತ್ತು. ಬಾಯಿ ತನ್ನ ಪಾಡಿಗೆ ಆಡುತ್ತಿತ್ತು.

ಅವಳ ಗಂಡನಿಗೆ ಕೆಲಸ ರೈಲಿನಲ್ಲಿ ಏಳು ಗಂಟೆ ದೂರದ ಊರಿನಲ್ಲಿ. ಇಲ್ಲಿ ಅವಳು ಅತ್ತೆಯ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಅಲ್ಲಿಗೆ ವರ್ಗ ಕೇಳಿ ನಾಲ್ಕು ವರ್ಷವಾಗಿತ್ತು. ಈ ವರ್ಷ ಪಟ್ಟಿಯಲ್ಲಿ ಅವಳ ಸರದಿ ಬಂದಿತ್ತು. ಅರ್ಜಿ ವಾಪಸು ಬಂದಾಗ ಅದರ ಮೇಲೆ ಒಂದು ಸಾಲಿತ್ತು: ಮಾದರಿ ತರಗತಿಯ ಶಿಕ್ಷಕಿಯನ್ನು ಸದ್ಯ ಬಿಡುಗಡೆ ಮಾಡಲಾಗದು. ಗಂಡ ಫೋನಿನಲ್ಲಿ, ನೀನು ರಾಕ್ಷಸನನ್ನೇ ಕಟ್ಟಿಕೊಂಡ ಹಾಗಾಯಿತಲ್ಲ ಎಂದು ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ.

ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಎಲ್ಲ ಕೇಳಿಸಿಕೊಂಡು, "ಮರ ಹತ್ತಿಸಿ ಏಣಿ ತೆಗೆದಿದ್ದಾರೆ ನಿಂಗೆ. ಚಪ್ಪಾಳೆ ಹೊಡೆಯೋರು ಕೆಳಗೆ ನಿಂತ್ಕೊಂಡೇ ಹೊಡೀತಾರೆ ನೋಡು," ಅಂದರು.

ತರಗತಿಯಲ್ಲಿ ಒಬ್ಬಳಿದ್ದಳು, ಪಿನ್ನಿ ಅಂತ. ಅಂಗಿಗೆ ಗುಂಡಿಯ ಬದಲು ಪಿನ್ನು ಚುಚ್ಚಿಕೊಂಡು ಬರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು. ಓದು, ಬರಹ, ಕೂಡುವುದು, ಕಳೆಯುವುದು ಎಲ್ಲದರಲ್ಲೂ ಚುರುಕು. ಭಾಗಾಕಾರಕ್ಕೆ ಬಂದರೆ ಮಾತ್ರ ಯಾವ ಲೆಕ್ಕಕ್ಕೂ ಶೇಷ ಸೊನ್ನೆ ಅನ್ನುತ್ತಿದ್ದಳು. ಇಪ್ಪತ್ತಮೂರಕ್ಕೂ ಸೊನ್ನೆ, ಹದಿನೇಳಕ್ಕೂ ಸೊನ್ನೆ. ಒಂದು ತಂಡದ ಎದುರು ಅವಳು ಹಾಗೆ ಹೇಳಿದ ಮೇಲೆ ಹೆಡ್ ಮಿಸ್ ಒಂದು ಉಪಾಯ ಹೇಳಿದರು. ಯಾರಾದರೂ ನೋಡಲು ಬರುವ ದಿನ ಅವಳು ಒಂದನೇ ತರಗತಿಯಲ್ಲಿ ಕೂರಲಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಆಯಾಗೂ ಒಂದು ಕೈ ಆಗುತ್ತೆ. ಮಿಸ್ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಅವತ್ತು ಅವಳಿಗೆ ಸ್ವಲ್ಪ ನಿರಾಳವೂ ಆಯಿತು. ಅದನ್ನು ಅವಳು ಮುಂದೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡು ಬೈದುಕೊಂಡಳು.

ಒಂದು ದಿನ ತಂಡ ಬೇಗ ಹೊರಟುಹೋಯಿತು. ಪಿನ್ನಿಯನ್ನು ಕರೆತರಲು ಮಿಸ್ ತಾನೇ ಒಂದನೇ ತರಗತಿಗೆ ಹೋದಳು. ಆಯಾ ಮೂಲೆಯಲ್ಲಿ ಒಬ್ಬ ಅಳುಬುರುಕನ ಮೂಗು ಒರೆಸುತ್ತಿದ್ದಳು. ಪಿನ್ನಿ ಒಂಬತ್ತು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಡಬ್ಬಿಯಲ್ಲಿದ್ದ ಬಣ್ಣದ ಕ್ರೇಯಾನ್ ಹಂಚುತ್ತಿದ್ದಳು. ಇಪ್ಪತ್ತೆರಡಿದ್ದವು. ಎಣಿಸಿ ನೋಡಿ, ಒಬ್ಬೊಬ್ಬರಿಗೆ ಎರಡೆರಡು ಕೊಟ್ಟಳು. ಮಿಕ್ಕ ನಾಲ್ಕನ್ನು ಯಾರೂ ನೋಡದ ಹಾಗೆ ಮುಷ್ಟಿಯಲ್ಲಿ ಹಿಡಿದು ಜೇಬಿಗೆ ಇಳಿಬಿಟ್ಟಳು.

ಮಿಸ್ ಅವಳನ್ನು ಹೊರಗೆ ಕರೆದು ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

"ಜೇಬಲ್ಲಿ ಎಷ್ಟಿದೆ ಪುಟ್ಟಾ?"

"ನಾಲ್ಕು."

"ಮತ್ತೆ ಕ್ಲಾಸಲ್ಲಿ ಸೊನ್ನೆ ಸೊನ್ನೆ ಅಂತೀಯಲ್ಲ?"

ಪಿನ್ನಿ ಬಾಗಿಲ ಕಡೆ ನೋಡಿದಳು. "ಉಳಿದಿದೆ ಅಂತ ಬಾಯಿಬಿಟ್ಟು ಹೇಳಿದ್ರೆ ತಾನೆ ಅವನಿಗೆ ಗೊತ್ತಾಗೋದು?"

"ನಾಲ್ಕು ಕ್ರೇಯಾನ್ ತಿಂದ್ರೆ ತಿಂದ್ಕೊಳ್ಲಿ ಬಿಡು. ಅದಕ್ಕೆ ಯಾಕೆ ಅಷ್ಟು ಹೆದರಿಕೆ?"

"ಕ್ರೇಯಾನಿಗಲ್ಲ ಮಿಸ್." ಅವಳು ಜೇಬಿನ ಮೇಲಿಂದಲೇ ಕೈ ಒತ್ತಿಕೊಂಡಳು. "ಅಣ್ಣನ್ನ ಅಪ್ಪ ಕರ್ಕೊಂಡು ಹೋದ್ರು. ತಮ್ಮನ್ನ ಅಮ್ಮ ಕರ್ಕೊಂಡು ಹೋದ್ಲು. ನಾವು ಮೂರು ಜನ. ಇಬ್ಬರಿಗೆ ಹಂಚಿದ್ರೆ…"

ಲೆಕ್ಕ ಸರಿಯಾಗಿಯೇ ಇತ್ತು.

ಆಮೇಲೆ ಆಯಾ ಉಳಿದದ್ದನ್ನು ತಿಳಿಸಿದಳು. ಹುಡುಗಿ ಅಜ್ಜಿಯ ಹತ್ತಿರ ಇದ್ದಾಳೆ, ಅಜ್ಜಿ ಇಸ್ತ್ರಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತೇ ಇರುತ್ತಾಳೆ, ಹುಡುಗಿ ಕತ್ತಲಾದರೆ ಬಾಗಿಲ ಹತ್ತಿರ ಸುಳಿಯುವುದಿಲ್ಲವಂತೆ, ಚಿಲಕ ಹಾಕಿದೆಯಾ ಎಂದು ಮೂರು ಸಲ ಕೇಳುತ್ತಾಳಂತೆ. ಈ ಕಾಟ ಶುರುವಾಗಿ ಒಂದು ವರ್ಷವೂ ಆಗಿಲ್ಲ ಎಂದು ಆಯಾ ಅಂದಳು. ಮಿಸ್ ಬೆರಳು ಮಡಿಸಿ ನೋಡಿದಳು. ಭಾಗಾಕಾರದ ಪಾಠ ಶುರುವಾದದ್ದು ಎಂಟು ತಿಂಗಳ ಹಿಂದೆ.

ಅವತ್ತೇ ಅವಳು ಹೆಡ್ ಮಿಸ್ ಕೋಣೆಗೆ ಹೋಗಿ, ಇನ್ನು ಆ ಕಥೆ ತನ್ನಿಂದಾಗದು ಎಂದಳು. ಕಾರಣವನ್ನೂ ಹೇಳಿದಳು. ಹೆಡ್ ಮಿಸ್ ಪೂರ್ತಿ ಕೇಳಿದರು. ಅವರು ಕೆಟ್ಟವರೇನಲ್ಲ. ಅಜ್ಜಿಯನ್ನು ಕರೆಸಿ ಮಾತಾಡೋಣ, ಹುಡುಗಿಗೆ ತಿಳಿಹೇಳೋಣ ಅಂದರು. ಕಥೆಯ ಮಾತಿಗೆ ಮಾತ್ರ ಆಗದೆಂದು ತಲೆಯಾಡಿಸಿದರು.

"ನೋಡಮ್ಮ, ನನಗೂ ಇದು ಬಿಸಿ ತುಪ್ಪ. ಉಗುಳೋಕೂ ಆಗಲ್ಲ, ನುಂಗೋಕೂ ಆಗಲ್ಲ. ಗುರುವಾರ ಆ ಅಧಿಕಾರಿ ನಲವತ್ತು ಜನ ಶಿಕ್ಷಕರನ್ನ ಕರ್ಕೊಂಡು ಬರ್ತಿದ್ದಾರೆ. ಅದಾದ ಮೇಲೆ ನಮ್ಮ ಶಾಲೆ ಫೈಲ್ ತೆಗೀತಾರಂತೆ. ನೀನು ಕಥೆ ನಿಲ್ಲಿಸಿದ್ರೆ ಈ ನೂರು ಮಕ್ಕಳು ನಾಳೆಯಿಂದ ಆ ದೊಡ್ಡ ರಸ್ತೆ ದಾಟಿ ಹೋಗ್ಬೇಕು. ಅದರಲ್ಲಿ ಆರು ವರ್ಷದವು ಎಷ್ಟಿವೆ ಅಂತ ನಿಂಗೇ ಗೊತ್ತು."

ಮಿಸ್ ಆ ರಸ್ತೆಯನ್ನು ದಿನಾ ದಾಟುತ್ತಿದ್ದಳು. ಲಾರಿಗಳು ನಿಲ್ಲುವುದಿಲ್ಲ. ಅವಳು ಎದ್ದು ಬಂದಳು.

ಗುರುವಾರ ಅವಳು ಒಂದು ಕೆಲಸ ಮಾಡಿದಳು: ಪಿನ್ನಿಯನ್ನು ಒಂದನೇ ತರಗತಿಗೆ ಕಳಿಸಲಿಲ್ಲ. ಕಥೆಯನ್ನು ಮಧ್ಯದಲ್ಲಿ ತಿರುಗಿಸಬೇಕು, ರಾಕ್ಷಸನನ್ನು ಹೇಗಾದರೂ ಮಾಡಿ ಕಾಡಿಗೆ ಓಡಿಸಬೇಕು ಎಂದು ಯೋಚಿಸಿಕೊಂಡು ಬಂದಿದ್ದಳು. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಲವತ್ತು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕ್ಯಾಮೆರಾ ಮೂಲೆಯಲ್ಲಿತ್ತು. ಹೆಡ್ ಮಿಸ್ ಬಾಗಿಲಲ್ಲಿ ರಟ್ಟಿನ ರಾಕ್ಷಸನ ಪಕ್ಕ ನಿಂತು, ಪಿನ್ನಿಯನ್ನು ಕಂಡು ಕಣ್ಣರಳಿಸಿದರು. ಅಷ್ಟರಲ್ಲಿ ಕ್ಯಾಮೆರಾದವನು ಕೈ ಸನ್ನೆ ಮಾಡಿದ್ದ.

ಮಿಸ್ ಬಾಯಿ ತೆರೆದಳು. ನಾಲಿಗೆ ಹಳಿಯ ಮೇಲಿನ ಗಾಡಿಯ ಹಾಗೆ ತನ್ನ ದಾರಿ ಹಿಡಿಯಿತು. ಗುಡಿಸಲು, ತಾಯಿ, ಐದು ಮಕ್ಕಳು. ತಿರುಗಿಸಬೇಕಾದ ಜಾಗ ಬಂತು, ಹೋಯಿತು. ಎರಡು ಸೆಕೆಂಡು ಸುಮ್ಮನಿರಬೇಕಾದ ಕಡೆ ಎರಡು ಸೆಕೆಂಡು ಸುಮ್ಮನಿದ್ದಳು. "ಹಂಚಿದ್ದು ನಿಮಗೆ, ಉಳಿದದ್ದು ನನಗೆ," ಎಂದು ಮಕ್ಕಳು ಒಕ್ಕೊರಲಲ್ಲಿ ಕೂಗಿದರು.

ಅಧಿಕಾರಿ ಎದ್ದು, ಹದಿನೇಳು ರೊಟ್ಟಿ, ಐದು ಮಕ್ಕಳು, ಎಂದು ತಾನೇ ಒಂದು ಲೆಕ್ಕ ಹಾಕಿ, ಕೈಯೆತ್ತಿದವರನ್ನೆಲ್ಲ ಬಿಟ್ಟು ಕಡೆಯ ಬೆಂಚಿನ ಪಿನ್ನಿಯನ್ನು ಕೇಳಿದ.

"ಶೇಷ ಸೊನ್ನೆ ಸರ್."

ಯಾರೋ ಕಿಸಕ್ಕೆಂದರು. ಅಧಿಕಾರಿ ಮೆತ್ತಗೆ, ಯೋಚನೆ ಮಾಡಿ ಹೇಳು ಎಂದ. ಅವಳು ತಲೆ ತಗ್ಗಿಸಿ, ಸೊನ್ನೆಯೇ ಅಂದಳು.

"ಅವಳಿಗೆ ಉತ್ತರ ಗೊತ್ತು ಸರ್," ಅಂದಳು ಮಿಸ್. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಎರಡು ಉಳಿಯುತ್ತೆ ಅಂತ ಗೊತ್ತು. ನನ್ನ ಕಥೆಗೆ ಹೆದರಿ ಮುಚ್ಚಿಡ್ತಿದ್ದಾಳೆ. ಎಂಟು ತಿಂಗಳಿಂದ ಹೆದರಿದಾಳೆ, ನಾನು ನೋಡ್ಲಿಲ್ಲ."

ಅವಳು ಬೆಂಚುಗಳ ನಡುವೆ ಹೋಗಿ, ಪಿನ್ನಿಯ ಮುಂದೆ ಮೊಣಕಾಲೂರಿ ಕೂತಳು. ಆ ರಾಕ್ಷಸ ಇಲ್ಲ, ಅವತ್ತು ಪಾಠ ತಲೆಗೆ ಹತ್ತಲಿ ಅಂತ ತಾನೇ ಕಟ್ಟಿದ್ದು, ತಪ್ಪಾಯಿತು ಎಂದಳು. ಉಳಿದದ್ದನ್ನು ತಾಯಿಯೇ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ ಅನ್ನುವ ಮಾತು ತುಟಿಯವರೆಗೆ ಬಂತು. ಈ ಮಗುವಿಗೆ ಅದನ್ನು ಹೇಳುವಂತಿರಲಿಲ್ಲ. ನುಂಗಿಕೊಂಡಳು.

"ಉಳಿದದ್ದನ್ನ ಯಾರೂ ತಿನ್ನಲ್ಲ ಪುಟ್ಟಾ. ಅದು ಅದರ ಪಾಡಿಗೆ ಇರುತ್ತೆ. ಎರಡು ಅಂದ್ರೆ ಎರಡೇ."

ಪಿನ್ನಿ ಅವಳ ಮುಖ ನೋಡಿದಳು. "ಎರಡು," ಅಂದಳು, ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ.

ಆಮೇಲೆ ಹಿಂದಿನ ಗೋಡೆಯಿಂದ ಚಪ್ಪಾಳೆ ಶುರುವಾಯಿತು. ಒಬ್ಬಿಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲ ಮುಗಿಯಿತು, ಶಾಲೆ ಹೋಯಿತು ಎಂದುಕೊಂಡು ಎದ್ದು ನಿಂತ ಮಿಸ್ ಕೈಯನ್ನು ಅಧಿಕಾರಿ ಎರಡೂ ಕೈಯಲ್ಲಿ ಹಿಡಿದುಕೊಂಡ. ಇಡೀ ಪಾಠದಲ್ಲಿ ಕಡಿಮೆಯಿದ್ದದ್ದು ಇದೇ, ಭಾವನೆ, ಎಂದ. ಇದನ್ನು ಕೈಪಿಡಿಗೆ ಸೇರಿಸಲೇಬೇಕು ಎಂದ.

ಸೇರಿಸಿದರು. ಹಂತ ಏಳು: ಹೆದರಿದ ಮಗು, ಶಿಕ್ಷಕಿ ಮೊಣಕಾಲೂರಿ ಕ್ಷಮೆ ಕೇಳುವುದು. ಶಾಲೆಯ ಫೈಲು ಒಂದು ವರ್ಷದ ಮಟ್ಟಿಗೆ ಮುಚ್ಚಿತು. ಮುಂದಿನ ಚಿತ್ರೀಕರಣಕ್ಕೆ ಅದೇ ಹುಡುಗಿ ಬೇಕು, ಅಷ್ಟು ಸಹಜವಾಗಿ ಮಾಡುತ್ತಾಳೆ, ಎಂದು ಬರೆದಿದ್ದರು. ಆ ನಡುವೆ ಪಿನ್ನಿಯ ಅಜ್ಜಿ, ಮೊಮ್ಮಗಳನ್ನು ಯಾರು ಯಾರೋ ನೋಡಲು ಬರುತ್ತಾರೆಂದು ಕೇಳಿ, ಅಂಗಿಗೆ ಐದು ಹೊಸ ಗುಂಡಿ ಹೊಲಿದು ಕಳಿಸಿದ್ದಳು. ಕ್ಯಾಮೆರಾದವನು, ಪಿನ್ನು ಇದ್ದರೇ ಚೆನ್ನ, ಅದನ್ನೇ ಹಾಕಿ ಅಂದ. ಹೆಡ್ ಮಿಸ್ ಮೊದಲು ಅಳುಕಿದರು, ಆಮೇಲೆ ಕತ್ತರಿ ತಂದರು.

ಗುಂಡಿ ಕತ್ತರಿಸುವಾಗ ಪಿನ್ನಿ ಅಲುಗಾಡದೆ ನಿಂತಿದ್ದಳು. ಮಿಸ್ ಒಳಗೆ ಬಂದಾಗ, "ಎರಡು ಅಂತ ಗೊತ್ತಿದ್ರೂ ಮತ್ತೆ ಸೊನ್ನೆ ಅನ್ಬೇಕಾ ಮಿಸ್?" ಎಂದು ಕೇಳಿದಳು. ಮೊಂಡುತನದಿಂದ ಕೇಳಿದ ಮಾತಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

ಮಿಸ್ ಕತ್ತರಿ ಕಸಿದುಕೊಂಡು ಮೇಜಿನ ಮೇಲಿಟ್ಟಳು. ಹುಡುಗಿಯನ್ನು ಬೆಂಚಿಗೆ ಕಳಿಸಿ, ಹೆಡ್ ಮಿಸ್ ಜೊತೆ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹೆಡ್ ಮಿಸ್ ಮೇಜಿನ ಮೇಲೆ ಮೂರು ವಾರದಿಂದ ಒಂದು ಕಾಗದ ಅವಳ ಸಹಿಗೆ ಕಾದಿತ್ತು. ಐದು ವರ್ಷ ಇದೇ ಶಾಲೆಯಲ್ಲಿದ್ದು ಬೇರೆಯವರಿಗೆ ತರಬೇತಿ ಕೊಡುತ್ತೇನೆ, ವರ್ಗ ಕೇಳುವುದಿಲ್ಲ, ಎನ್ನುವ ಒಪ್ಪಿಗೆ. ಅವಳು ಇಂದು ನಾಳೆ ಎಂದು ಅದನ್ನು ತಳ್ಳುತ್ತ ಬಂದಿದ್ದಳು. ನಾನು ಇದಕ್ಕೆ ಸಹಿ ಹಾಕುತ್ತೇನೆ, ನೀವು ಹೇಳಿದಷ್ಟು ಸಲ ಕಥೆ ಹೇಳುತ್ತೇನೆ, ಮೊಣಕಾಲೂರಿ ಅಂದರೆ ಊರುತ್ತೇನೆ, ಎಂದಳು. "ಆದ್ರೆ ಆ ಮಗು ಬಾಯಲ್ಲಿ ಇನ್ನೊಂದ್ಸಲ ಸುಳ್ಳು ಹೇಳಿಸ್ಬಾರದು. ಬೇರೆ ತರಗತೀಲಿ ಕೂರಿಸೋದೂ ಬೇಡ. ಅವಳು ಅವಳ ಬೆಂಚಲ್ಲೇ ಇರ್ತಾಳೆ. ಇಲ್ಲಾಂದ್ರೆ ಇವತ್ತೇ ರಾಜೀನಾಮೆ ಬರ್ಕೊಡ್ತೀನಿ, ನೀವೇ ಮೊಣಕಾಲೂರಿ."

ಹೆಡ್ ಮಿಸ್ ಕಾಗದವನ್ನು ಎಳೆದುಕೊಂಡು ನೋಡಿದರು. "ನಿನ್ನ ಯಜಮಾನರು ಏನಂತಾರೆ?" ಎಂದು ಕೇಳಿದರು. ಅವರನ್ನು ಇನ್ನೂ ಕೇಳಿಲ್ಲ ಎಂದಳು ಮಿಸ್. ಹೆಡ್ ಮಿಸ್ ತಮ್ಮ ಪೆನ್ನನ್ನೇ ಕೊಟ್ಟರು.

ಗಂಡ ಆ ಸಂಜೆ ಫೋನಿನಲ್ಲಿ ಜಗಳವಾಡಲಿಲ್ಲ. ಐದು ವರ್ಷವಾ, ಎಂದು ಒಂದು ಸಲ ಕೇಳಿದ. ಊಟವಾಯಿತಾ ಎಂದು ಕೇಳಿ ಇಟ್ಟುಬಿಟ್ಟ. ಅವನು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅತ್ತೆ ಮಾತ್ರ ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತ, "ಬೇಲೀನೂ ನೀನೇ ಹಾಕ್ಕೊಂಡೆ, ಮುಳ್ಳೂ ನೀನೇ ಚುಚ್ಚಿಸ್ಕೊಂಡೆ. ಆ ಹುಡುಗಿ ಒಂದಿನ ಮನೆಗೆ ಬರ್ಲಿ, ನೋಡ್ತೀನಿ," ಅಂದರು.

ಪಿನ್ನಿಯ ಜಾಗಕ್ಕೆ ದರ್ಜಿಯ ಮಗಳನ್ನು ಆರಿಸಿದರು. ಮಾತಿನ ಮಲ್ಲಿ, ನಟನೆ ಅಂದರೆ ಊಟ ಬಿಡುವವಳು. ಮೊದಲ ಸಲವೇ ನಿಜವಾದ ಕಣ್ಣೀರು ಸುರಿಸಿದಳು. ಮಿಸ್ ಅವಳ ಮುಂದೆ ಮೊಣಕಾಲೂರಿ, ತಪ್ಪಾಯಿತು ಪುಟ್ಟಾ, ಎಂದಳು. ಕಿಟಕಿಗಳು ಮುಚ್ಚಿದ್ದವು. ಸುತ್ತ ನಿಂತವರ ಬಟ್ಟೆಯ, ಬೆವರಿನ ವಾಸನೆ ಕೋಣೆಯಲ್ಲಿ ಕಟ್ಟಿಕೊಂಡಿತ್ತು. ಚಪ್ಪಾಳೆ ಬೀಳುತ್ತಿದ್ದಾಗ ಅವಳು ಕಡೆಯ ಬೆಂಚಿನ ಕಡೆ ನೋಡಿದಳು. ಪಿನ್ನಿಯೂ ಚಪ್ಪಾಳೆ ತಟ್ಟುತ್ತಿದ್ದಳು. ಗೆಳತಿ ಚೆನ್ನಾಗಿ ಅತ್ತಳೆಂದು ಅವಳಿಗೆ ಖುಷಿಯಾದಂತಿತ್ತು.

ಬಂದವರು ಹೋದ ಮೇಲೆ ಮಿಸ್ ಬಟ್ಟೆಗೆ ಹತ್ತಿದ ಧೂಳು ಕೊಡವಿಕೊಂಡು ಕುರ್ಚಿಯಲ್ಲಿ ಕೂತಳು. ಗಂಟೆ ಹೊಡೆದು ಮಕ್ಕಳು ಚೀಲ ಏರಿಸಿಕೊಂಡು ಓಡಿದರು. ಪಿನ್ನಿ ಮೇಜಿನ ಹತ್ತಿರ ಬಂದು ನಿಂತಳು.

"ನಾಳೆ ಯಾರೂ ಬರಲ್ಲ ತಾನೆ ಮಿಸ್?"

"ಇಲ್ಲ. ಬುಧವಾರ ಬರ್ತಾರೆ."

"ಹಾಗಾದ್ರೆ ನಾಳೆ ಪಾಠ ಮಾಡ್ತೀರಾ?"

ಮಾಡ್ತೀನಿ, ಎಂದಳು ಮಿಸ್. ಮರುದಿನ ಬೆಳಿಗ್ಗೆ ಬೇಗ ಬಂದು ಕಿಟಕಿಗಳನ್ನು ತೆರೆದಳು. ರಸ್ತೆಯ ಸದ್ದು ಒಳಗೆ ನುಗ್ಗಿತು. ಬೋರ್ಡಿನ ಮೇಲೆ ದೊಡ್ಡದೊಂದು ಗಡಿಯಾರ ಬರೆದು, ದೊಡ್ಡ ಮುಳ್ಳು ಯಾವುದು, ಚಿಕ್ಕ ಮುಳ್ಳು ಯಾವುದು ಎಂದು, ಯಾವ ಕಥೆಯೂ ಇಲ್ಲದೆ, ಹೇಳಿಕೊಡತೊಡಗಿದಳು.